ಪೆಟ್ಟಿಗೆಯೊಳಗೆ ಸೋಮನಾಥಪುರ

ಮೈಸೂರಿಗೆ ಪೂರ್ವದಲ್ಲಿ, ಕಾವೇರಿಗೆ ಸಮೀಪವಾಗಿರುವ ಸೋಮನಾಥಪುರವು ಚಿಕ್ಕದೊಂದು ಗ್ರಾಮ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ೧೨೫೮ರಲ್ಲಿ ಇಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದನು. ೨೦೨೩ರಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳೊಡನೆ ಇದೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನೋಡಬಂದವರಲ್ಲಿ ಬಹುಮಂದಿ ಹೊರಗೋಡೆಯ ಆನೆಕುದುರೆಗಳ ಸಾಲನ್ನೂ ಮೂರು ಶಿಖರಗಳನ್ನೂ ಕಂಡು ತೃಪ್ತರಾಗುವರು. ನಮಗಾದರೋ ಈ ಗುಡಿಯ ಸೊಗಸೆಲ್ಲವೂ ಅದರ ಒಳಗೆ ಹೋಗುವ ಹಾದಿಯಲ್ಲಿದೆ ಎಂದು ತೋರುವುದು.

ಮಹಾದ್ವಾರದ ನೆರಳಿನಲ್ಲಿ ನಿಂತು ನೋಡಿರಿ. ಎದುರಿಗೆ ಬಿಸಿಲು ಹೊಡೆಯುವ ಅಂಗಳ. ಅದರ ಸುತ್ತಲೂ ೬೪ ಪುಟ್ಟ ಗುಡಿಗಳುಳ್ಳ ಕೈಸಾಲೆ. ನಡುವೆ ಸುಮಾರು ಮೂರು ಅಡಿ ಎತ್ತರದ ಜಗತಿ. ಅದನ್ನು ಹತ್ತಿದರೆ ಬಾಗಿಲಿನ ಇಕ್ಕೆಲದಲ್ಲಿಯೂ ಕಲ್ಲಿನ ಜಾಲಂಧ್ರಗಳು. ಹೊಸ್ತಿಲು ದಾಟಿದೊಡನೆ, ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಡೆದಿರುವ ಬಳಪದ ಕಲ್ಲಿನ ಕಂಬಗಳು. ಅವುಗಳ ಹಿಂದೆ ಸುಕನಾಸಿಯ ಬಾಗಿಲು. ಅದರಾಚೆಗೆ ಗರ್ಭಗೃಹದ ಬಾಗಿಲು. ಹೆಜ್ಜೆಹೆಜ್ಜೆಗೂ ಬೆಳಕು ಕುಗ್ಗುತ್ತ ಬರುವುದು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆಯೇ ಕೇಶವನ ದರ್ಶನ. ಮೂಲವಿಗ್ರಹವು ಈಗಿಲ್ಲ, ಈಗಿರುವುದು ತರುವಾಯದ್ದು. ಆದರೂ ಆ ಕತ್ತಲೆ ಮಾತ್ರ ಹಳೆಯದೇ.

ನಮ್ಮೊಡನೆ ಬಂದಿದ್ದ ದೊಡ್ಡಮ್ಮನವರಿಗೆ ಮೊಣಕಾಲಿನ ಬೇನೆ. ಜಗತಿಯ ಮೆಟ್ಟಿಲನ್ನೇರಲಾರದೆ ಅವರು ಕೈಸಾಲೆಯಲ್ಲಿಯೇ ಕುಳಿತಿದ್ದರು. ಮನೆಗೆ ಬಂದ ಮೇಲೆ ಒಳಗಿನ ಫೋಟೋಗಳನ್ನು ತೋರಿಸಿದೆವು. ಎಲ್ಲವನ್ನೂ ನೋಡಿ, "ಚೆನ್ನಾಗಿದೆಯಪ್ಪಾ, ಆದರೆ ಇದು ಗೋಡೆಯ ಹಾಗಿದೆ. ಒಳಗೆ ಹೋಗುವುದು ಎಲ್ಲಿಂದ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಕಾಗದದ ಪೆಟ್ಟಿಗೆಯೊಂದನ್ನು ಮಾಡಲು ತೊಡಗಿದೆವು.

ಈ ಕಲೆ ಹೊಸದಲ್ಲ. ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಮಾರ್ಟಿನ್ ಎಂಗಲ್‌ಬ್ರೆಕ್ಟನೆಂಬಾತನು ೧೮ನೆಯ ಶತಮಾನದಲ್ಲಿಯೇ, ಕತ್ತರಿಸಿದ ಚಿತ್ರಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಪೆಟ್ಟಿಗೆಯಲ್ಲಿ ನೋಡುವಂತೆ ಅಚ್ಚುಮಾಡಿ ಮಾರುತ್ತಿದ್ದನು.

ನಮ್ಮ ಪೆಟ್ಟಿಗೆಯು ಒಂದು ಅಡಿ ಎತ್ತರ, ಒಂಬತ್ತು ಅಂಗುಲ ಅಗಲ, ಮೂರು ಅಂಗುಲ ಆಳ, ಮುಂದೆ ಗಾಜು. ಒಳಗೆ ದಪ್ಪಕಾಗದದ ಐದು ಹಾಳೆಗಳು: ಮಹಾದ್ವಾರ, ಜಾಲಂಧ್ರಗಳುಳ್ಳ ಮುಂಭಾಗ, ನವರಂಗದ ಕಂಬಗಳು, ಸುಕನಾಸಿಯ ಬಾಗಿಲು, ಗರ್ಭಗೃಹದ ಬಾಗಿಲು. ಹಾಳೆಹಾಳೆಗೂ ನಡುವೆ ಅಂಚಿನಲ್ಲಿ ಅರ್ಧ ಅಂಗುಲ ದಪ್ಪದ ರಟ್ಟಿನ ಪಟ್ಟಿಗಳನ್ನು ಅಂಟಿಸಬೇಕು. ಹಿಂದಿನ ಹಾಳೆಯ ತೆರಪು ಮುಂದಿನದಕ್ಕಿಂತ ಕಿರಿದಾಗುತ್ತ ಹೋಗಬೇಕು. ಕಣ್ಣಿನ ಮಟ್ಟದ ಗೆರೆಯು ಐದರಲ್ಲಿಯೂ ಒಂದೇ ಎತ್ತರದಲ್ಲಿರಬೇಕು. ಇದು ತಪ್ಪಿದರೆ ಬಾಗಿಲುಗಳು ಒಂದರೊಳಗೊಂದು ಕಾಣದೆ ಒಂದರ ಮೇಲೊಂದು ಜಾರಿದಂತೆ ಕಾಣುವುವು. ಕಂಬದ ಒಂದು ಪಕ್ಕವನ್ನು ತೆಳುಕಾಗದದಲ್ಲಿ ಬರೆದುಕೊಂಡು, ಅದನ್ನೇ ಮಗುಚಿ ಇನ್ನೊಂದು ಪಕ್ಕಕ್ಕೂ ಉಪಯೋಗಿಸಿದರೆ ಎರಡು ಪಕ್ಕಗಳೂ ಸಮನಾಗುವುವು. ಮೊದಲು ಒಳಗಿನ ಸಣ್ಣ ರಂಧ್ರಗಳನ್ನು ಕತ್ತರಿಸಿ ಕೊನೆಗೆ ಹೊರ ಅಂಚಿಗೆ ಬರತಕ್ಕದ್ದು. ಇಲ್ಲದಿದ್ದರೆ ಹಾಳೆಗೆ ಬಿಗಿಯಿರದು. ಹೊರಗೋಡೆಯ ಕೆತ್ತನೆಯನ್ನೆಲ್ಲ ಕತ್ತರಿಸುವ ಆಸೆ ಬೇಡ. ಹೊಯ್ಸಳ ರೂವಾರಿಯೊಡನೆ ಸ್ಪರ್ಧಿಸಹೊರಟ ಕಾಗದವು ಚಿಂದಿಯಾಗುವುದು!

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಸಿಕ್ಕಿದ್ದು ದೀಪದ ವಿಷಯ. ಇಂಥ ಪೆಟ್ಟಿಗೆಗಳಲ್ಲಿ ದೀಪವನ್ನು ಹಿಂದೆ ಇಡುವುದು ವಾಡಿಕೆ. ನೋಡುವುದಕ್ಕೆ ಅಂದವೂ ಹೌದು. ಆದರೆ ಹಾಗೆ ಮಾಡಿದರೆ ಗರ್ಭಗೃಹವೇ ಎಲ್ಲಕ್ಕಿಂತ ಪ್ರಕಾಶಮಾನವಾಗುವುದು. ಗುಡಿಯ ಕ್ರಮವೇ ತಿರುವುಮುರುವಾಗುವುದು. ಆದುದರಿಂದ ನಾವು ಸಣ್ಣ ಎಲ್‌ಇಡಿ ದೀಪಗಳ ಸರವನ್ನು ಮೊದಲನೆಯ ಹಾಳೆಯ ಮೇಲಂಚಿನ ಹಿಂದೆ ಮರೆಮಾಡಿ, ಬೆಳಕು ಎರಡನೆಯ ಹಾಳೆಯ ಮೇಲೆ ಬೀಳುವಂತೆ ತಿರುಗಿಸಿದೆವು. ಹಾಳೆಗಳ ಬಣ್ಣವೂ ಒಳಗೊಳಗೆ ಗಾಢವಾಗುತ್ತ ಹೋಗುವ ಬೂದು. ಕಟ್ಟಕಡೆಯಲ್ಲಿ ಕಪ್ಪು ಕಾಗದ. ಅದರ ಮುಂದೆ ಕೇಶವನ ಆಕಾರವನ್ನು ಕರಿಬೂದು ಕಾಗದದಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ, ನಿಲ್ಲಿಸಿದೆವು.

ದೊಡ್ಡಮ್ಮನವರು ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಮೊದಲು ಕಂಬಗಳನ್ನು ಎಣಿಸಿದರು. ಆಮೇಲೆ, "ಒಳಗೆ ಯಾರೋ ನಿಂತಿದ್ದಾರಲ್ಲಾ!" ಎಂದರು. ದೀಪವನ್ನು ಹೆಚ್ಚಿಸೋಣವೇ ಎಂದು ಮಕ್ಕಳು ಕೇಳಿದಾಗ, ಬೇಡವೆಂದು ಕೈಯಾಡಿಸಿದರು.

ಮಾಡಬಯಸುವ ವಾಚಕರು ಪೆಟ್ಟಿಗೆಯನ್ನು ಕಿಟಕಿಗೆ ಎದುರಾಗಿ ತೂಗುಹಾಕಬಾರದು. ಗಾಜಿನಲ್ಲಿ ಬೀದಿಯೇ ಕಾಣುವುದು. ಕುಳಿತವರ ಕಣ್ಣಿನ ಮಟ್ಟಕ್ಕೆ, ಮಬ್ಬಾದ ಒಳಗೋಡೆಯ ಮೇಲೆ ಇದ್ದರೆ ಒಳ್ಳೆಯದು.