ಚನ್ನಪಟ್ಟಣದ ಹಾಲೆಮರ

ಬೆಂಗಳೂರು-ಮೈಸೂರು ಮಾರ್ಗದಲ್ಲಿ ಸುಮಾರು 60 ಕಿ.ಮೀ. ಸಾಗಿದರೆ ದೊರೆಯುವ ಚನ್ನಪಟ್ಟಣವು ಬಣ್ಣದ ಬೊಂಬೆಗಳ ತವರು. ಅಲ್ಲಿಯ ವೃದ್ಧ ಕುಶಲಕರ್ಮಿಯೊಬ್ಬರ ತಿರುಗಣಿಯ ಬಳಿ ನಾವೊಮ್ಮೆ ಕುಳಿತಿದ್ದೆವು. ಕಡಿದರೆ ಹಾಲು ಸುರಿಸುವ ಹಾಲೆಮರದ ಕೊಂಬೆಗಳು ಅಂಗಳದಲ್ಲಿ ಒಣಗುತ್ತಿದ್ದವು. “ಹಸಿಯದು ನಿಲ್ಲದು ಸ್ವಾಮಿ” ಎಂದರೂ, ನಮ್ಮ ಅವಸರಕ್ಕೆ ಮಣಿದು ಹೊಸದಾಗಿ ಕಡಿದ ಕೊಂಬೆಯಿಂದಲೇ ಬಟ್ಟಲೊಂದನ್ನು ಕಡೆದುಕೊಟ್ಟರು. ತಿಂಗಳೊಳಗೆ ಅದು ಸೀಳುಬಿಟ್ಟಿತು.

ತೇವವಾರುವಾಗ ಮರವು ಎಲ್ಲೆಡೆ ಸಮನಾಗಿ ಕುಗ್ಗದು. ಆದುದರಿಂದಲೇ ಅವರು ತಿಂಗಳುಗಟ್ಟಲೆ ಕಾಯುವರು. ಬಳಿಕ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ಘರ್ಷಣೆಯ ಕಾವಿಗೆ ಅರಗು ಕರಗಿ ಮರವನ್ನಪ್ಪುವುದು, ಕೇದಗೆಯ ಗರಿಯಿಂದ ತಿಕ್ಕಿದಾಗ ಹೊಳಪೇರುವುದು.

ಆ ಒಡಕು ಬಟ್ಟಲನ್ನು ನಾವು ಎಸೆದಿಲ್ಲ. ಪಾಠಕ್ಕೆ ಬರುವ ಮಕ್ಕಳನ್ನು ಅವಸರಪಡಿಸಲು ಹೊರಟಾಗಲೆಲ್ಲ ಅದನ್ನೊಮ್ಮೆ ನೋಡಿಕೊಳ್ಳುತ್ತೇವೆ.