ತೆರೆದ ಲಕೋಟೆ

ಯುದ್ಧಕಾಲದ ಸೈನಿಕರ ಲಕೋಟೆಗಳನ್ನು ಸಂಗ್ರಹಿಸುವುದು ನನ್ನ ಬಹುಕಾಲದ ಹವ್ಯಾಸ. ಅವುಗಳ ಮೇಲೆ ಕಳುಹಿಸಿದ ಊರಿನ ಹೆಸರಿರುವುದಿಲ್ಲ. ಸೈನ್ಯದ ಅಂಚೆ ಕಚೇರಿಯ ಸಂಖ್ಯೆಯೂ ಸೆನ್ಸಾರ್ ಮುದ್ರೆಯೂ ಇರುತ್ತವೆ. ಸೈನ್ಯದ ನೆಲೆ ಶತ್ರುವಿಗೆ ತಿಳಿಯಬಾರದೆಂದು ಅಧಿಕಾರಿಗಳು ಪತ್ರಗಳನ್ನು ಓದಿ, ಸಲ್ಲದ ಸಾಲುಗಳನ್ನು ಅಳಿಸುತ್ತಿದ್ದರು. ಸೈನಿಕರ ಮನಃಸ್ಥಿತಿಯನ್ನು ಅರಿಯುವುದೂ ಅವರ ಉದ್ದೇಶವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಪತ್ರಗಳಿಂದ ಹೀಗೆ ಆಯ್ದು ಅನುವಾದಿಸಿದ ಭಾಗಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಹಾಸನದ ರದ್ದಿ ಅಂಗಡಿಯೊಂದರಲ್ಲಿ 1941ರ ಅಂತಹ ಲಕೋಟೆಯೊಂದು ನನಗೆ ದೊರೆಯಿತು. ವಿಳಾಸ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯದು. ಮೈಸೂರು ಸಂಸ್ಥಾನದ ಪದಾತಿದಳವು ಆಗ ಸಿಂಗಪುರದ ಕಡೆಗೆ ಹೋಗಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಈತನೂ ಅಲ್ಲಿದ್ದನೋ ಏನೋ, ಲಕೋಟೆ ಹೇಳಲಿಲ್ಲ. ಒಳಗೆ ಕನ್ನಡದ ಪತ್ರವಿತ್ತು. ಹೆಂಡತಿಗೆ ಬರೆದದ್ದು. ಎರಡು ಸಾಲು ಓದಿ ಮಡಿಸಿದೆ. ಹೊಳೆನರಸೀಪುರದ ಸಂಗ್ರಾಹಕ ಮಿತ್ರರು, "ಪತ್ರಸಹಿತ ಕೊಟ್ಟರೆ ಎರಡರಷ್ಟು ಬೆಲೆ ಕೊಡುತ್ತೇನೆ" ಎಂದರು. ಮನಸ್ಸು ಆಸೆಪಟ್ಟಿತು.

ಆ ವರ್ಷ ದಶಲಕ್ಷಣ ಪರ್ವದಲ್ಲಿ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ತತ್ತ್ವಾರ್ಥಸೂತ್ರದ ಪ್ರವಚನದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳ ವಿವರಣೆ ನಡೆದಿತ್ತು. ಸ್ತ್ರೀಪುರುಷರ ಏಕಾಂತವನ್ನು ಬಯಲುಮಾಡುವುದು ರಹೋಭ್ಯಾಖ್ಯಾನ. ನಂಬಿ ಇಟ್ಟದ್ದನ್ನು ಅಪಹರಿಸುವುದು ನ್ಯಾಸಾಪಹಾರ. ಎಷ್ಟೋ ಬಾರಿ ಕೇಳಿದ್ದ ಈ ಮಾತುಗಳು ಅಂದು ನನ್ನನ್ನೇ ಕುರಿತು ಆಡಿದಂತಿದ್ದವು. ಸೆನ್ಸಾರ್ ಅಧಿಕಾರಿಗೆ ಕರ್ತವ್ಯದ ನೆಪವಾದರೂ ಇತ್ತು. ನನಗೇನಿತ್ತು?

ಮರುವಾರವೇ ಆ ಹಳ್ಳಿಗೆ ಹೋದೆ. ಪತ್ರ ಬರೆದವರೂ ಪಡೆದವರೂ ತೀರಿಹೋಗಿದ್ದರು, ವೃದ್ಧೆಯಾದ ಮಗಳಿದ್ದರು. ಮನೆ ಕೆಡವಿದಾಗ ಹಳೆಯ ಪೆಟ್ಟಿಗೆಯ ಕಾಗದಗಳೆಲ್ಲ ರದ್ದಿಗೆ ಹೋದವಂತೆ. ಆಕೆಗೆ ಓದು ಬಾರದು. "ನಮ್ಮಪ್ಪನ ಕಾಗದವೇ? ನೀವೇ ಓದಿ ಹೇಳಿ ಸ್ವಾಮಿ" ಎಂದರು. ಓದಿದೆ. ನಡುವೆ ಮೂರು ಸಾಲು ಮಸಿಯಾಗಿದ್ದವು. ಆಕೆ ಅದರ ಮೇಲೆ ಬೆರಳಿಟ್ಟು, "ಇಲ್ಲೇನು ಬರೆದಿದ್ದರು?" ಎಂದು ಕೇಳಿದರು. ಉತ್ತರಿಸಲಾಗಲಿಲ್ಲ.

ಪತ್ರವನ್ನು ಅವರು ಇಟ್ಟುಕೊಂಡು, ಲಕೋಟೆಯನ್ನು ನನಗೇ ಕೊಟ್ಟರು. ನನ್ನ ಸಂಗ್ರಹದಲ್ಲಿ ಅದು ಬರಿದಾಗಿಯೇ ಇದೆ. ನಮ್ಮ ಮನೆಗಳಲ್ಲಿಯೂ ಬಸದಿಗಳ ಪೆಟ್ಟಿಗೆಗಳಲ್ಲಿಯೂ ಹಳೆಯ ಪತ್ರಗಳು ಎಷ್ಟೋ ಇವೆ. ಅವುಗಳನ್ನು ರದ್ದಿಗೆ ಹಾಕುವ ಮುನ್ನ, ಪ್ರಕಟಿಸುವ ಮುನ್ನವೂ, ಅವು ಯಾರ ನ್ಯಾಸವೆಂದು ಒಮ್ಮೆ ವಿಚಾರಿಸುವುದು ಶ್ರಾವಕರಾದ ನಮಗೆ ಉಚಿತ.