ಓದಿ ಹೇಳುವವರು ಬಿಟ್ಟ ಸಾಲು

ನಿಮ್ಮ ಹೆಸರಿಗೆ ಬಂದ ಪತ್ರವನ್ನು ಮನೆಯ ಬೇರೆಯವರು ಒಡೆದು ಓದಿಕೊಂಡು, ನಿಮಗೆ ಎರಡೇ ಮಾತಿನಲ್ಲಿ ಅದರ ಸಾರ ಹೇಳಿದರೆ ಹೇಗನಿಸುತ್ತದೆ? ಒಂದು ದಿನವಾದರೆ ಸಹಿಸಿಕೊಳ್ಳಬಹುದು. ಐದು ವರ್ಷ ಹೀಗೇ ನಡೆದರೆ? ದೃಷ್ಟಿ ಇಲ್ಲದವರ ಬದುಕಿನಲ್ಲಿ ನಡೆಯುವುದು ಇದೇ. ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ, ಮೊಬೈಲಿಗೆ ಬಂದ ಮೆಸೇಜು, ಎಲ್ಲವೂ ಇನ್ನೊಬ್ಬರ ಬಾಯಿಂದಲೇ ನಮ್ಮ ಕಿವಿಗೆ ಬರಬೇಕು. ಓದಿ ಹೇಳುವವರು ಕೆಟ್ಟವರಲ್ಲ. ಆದರೆ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಅವರ ಕೈಯಲ್ಲಿರುತ್ತದೆ.

ನನ್ನ ತವರು ಪಾಂಡವಪುರ, ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣಕ್ಕೆ. ಪಿಯುಸಿ ಓದುವಾಗಲೇ ಮಗ್ರಿಬ್ ಹೊತ್ತಾದರೆ ಹೊಸ್ತಿಲು ಎಡವುತ್ತಿದ್ದೆ. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ರೆಟಿನೈಟಿಸ್ ಪಿಗ್ಮೆಂಟೋಸ ಎಂದರು. ಕಣ್ಣಿನ ಒಳಪರದೆ ನಿಧಾನವಾಗಿ ಸವೆಯುವ, ವಂಶದಲ್ಲಿ ಹರಿದುಬರುವ ಕಾಯಿಲೆ ಅದು. ಮೊದಲು ಇರುಳುಗುರುಡು ಬರುತ್ತದೆ. ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತಾ ಹೋಗಿ, ಕೊಳವೆಯೊಳಗಿಂದ ಲೋಕವನ್ನು ನೋಡಿದಂತಾಗುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುವ ಮಕ್ಕಳಿಗೆ ಇದು ಬರುವ ಸಂಭವ ಹೆಚ್ಚು. 2008ರ ಹೊತ್ತಿಗೆ ಪತ್ರಿಕೆಯ ದಪ್ಪ ಅಕ್ಷರಗಳೂ ನನಗೆ ಕಾಣದಾದವು.

2010ರಲ್ಲಿ ನಮ್ಮ ಮನೆಯವರು ಎ.ಸಿ. ರಿಪೇರಿ ಕೆಲಸಕ್ಕೆ ದಮ್ಮಾಮಿಗೆ ಹೋದರು. ಶುಕ್ರವಾರ ಫೋನ್ ಬಂದರೆ ಹಾಲಿನಲ್ಲಿ ಎಲ್ಲರೂ ಸುತ್ತ ಕುಳಿತಿರುತ್ತಿದ್ದರು. ನನ್ನ ಸರದಿ ಬಂದಾಗ, "ಚೆನ್ನಾಗಿದ್ದೀರಾ, ಊಟ ಸರಿಹೋಗುತ್ತಾ" ಎನ್ನುವುದರಲ್ಲೇ ಕಾರ್ಡಿನ ದುಡ್ಡು ಮುಗಿಯುತ್ತಿತ್ತು. ಮನಸ್ಸಿನ ಮಾತನ್ನು ಅವರು ಇ-ಮೇಲಿನಲ್ಲಿ ಬರೆಯುತ್ತಿದ್ದರು. ಮನೆಗೆಲ್ಲ ಸೇರಿ ಒಂದೇ ಖಾತೆ. ಮೈದುನ ಅದನ್ನು ತೆರೆದು ನೋಡಿ, "ಭಾಬಿ, ಭಾಯಿ ಚೆನ್ನಾಗಿದ್ದಾರಂತೆ, ನಿಮಗೆ ಸಲಾಂ ಹೇಳಿದ್ದಾರೆ" ಎನ್ನುತ್ತಿದ್ದ. ಅತ್ತಿಗೆಗೆ ಅಣ್ಣ ಬರೆದದ್ದನ್ನು ಗಟ್ಟಿಯಾಗಿ ಓದಲು ಅವನಿಗೂ ಸಂಕೋಚ. ಮಿಕ್ಕದ್ದನ್ನು ಹೇಳು ಎಂದು ಕೇಳಲು ನನಗೂ ಸಂಕೋಚ.

ಕಂಪ್ಯೂಟರೇ ಓದಿ ಹೇಳುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು 2013ರಲ್ಲಿ, ತವರಿಗೆ ಹೋಗಿದ್ದಾಗ. ಕೆ.ಆರ್. ಪೇಟೆಯಲ್ಲಿ ನನ್ನ ಅಣ್ಣನ ಪರಿಚಯದವರೊಬ್ಬರ ಮಗಳು ಹುಟ್ಟಿನಿಂದಲೇ ಅಂಧೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿತು ಬಂದು ಬಿ.ಎ. ಓದುತ್ತಿದ್ದಳು. ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ 1990ರಿಂದ, ಎನೇಬಲ್ ಇಂಡಿಯಾ 1999ರಿಂದ ದೃಷ್ಟಿ ಇಲ್ಲದವರ ಕಲಿಕೆಗೆ, ಉದ್ಯೋಗಕ್ಕೆ ಕೆಲಸ ಮಾಡುತ್ತಾ ಬಂದಿವೆ. ಆದರೆ ಸಂಸಾರವಂದಿಗಳಾದ ನಾವು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರಲಾದೀತೇ? ಆ ಹುಡುಗಿಯೇ ತಂದೆಯ ಜೊತೆ ಶನಿವಾರ ಶನಿವಾರ ಪಾಂಡವಪುರಕ್ಕೆ ಬಸ್ಸಿನಲ್ಲಿ ಬರತೊಡಗಿದಳು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಶನಿವಾರ ಮಾಂಸ ತಿನ್ನುವುದಿಲ್ಲವೆಂದು ಅಮ್ಮಿ ಅವಳಿಗಾಗಿ ಹುರುಳಿಕಾಳಿನ ಸಾರು, ಮುದ್ದೆ ಮಾಡುತ್ತಿದ್ದರು.

ಅವಳು ಪೆನ್ ಡ್ರೈವಿನಲ್ಲಿ ತಂದಿದ್ದ ತಂತ್ರಾಂಶದ ಹೆಸರು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಬರೆಯಲು ಶುರುಮಾಡಿದರು. ಅಂಧರೇ ಆದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಅವರಿಬ್ಬರ ಪರಿಚಯವಾಗಿತ್ತಂತೆ. ಅದಕ್ಕೂ ಮೊದಲೇ ಅಮೆರಿಕದಿಂದ ಬಂದ ಜಾಸ್ ಎಂಬ ತಂತ್ರಾಂಶವಿತ್ತು. ಅದನ್ನು ಕೊಳ್ಳಲು ಹತ್ತಾರು ಸಾವಿರ ರೂಪಾಯಿ ಬೇಕಿತ್ತು. ಕಣ್ಣಿದ್ದವರಿಗೆ ಪುಕ್ಕಟೆ ಕಾಣುವ ಪರದೆಯನ್ನು ಓದಲು ಕಣ್ಣಿಲ್ಲದವರು ಅಷ್ಟು ದುಡ್ಡು ಯಾಕೆ ತೆರಬೇಕು ಎಂಬುದೇ ಆ ಗೆಳೆಯರ ಪ್ರಶ್ನೆ. ಎನ್‌ವಿಡಿಎ ಇಂದಿಗೂ ಉಚಿತ.

ಮೊದಲ ದಿನ ಅವಳು ಮಾಡಿದ ಕೆಲಸ ಮಾನಿಟರ್ ಆರಿಸಿದ್ದು. ಅಣ್ಣ ಗಾಬರಿಯಾದ. "ಅಕ್ಕಾ, ಇನ್ನೂ ಚೂರುಪಾರು ಬೆಳಕು ಕಾಣುತ್ತೆ ಅಂತ ನೀವು ಅದನ್ನೇ ನೋಡೋಕೆ ಹೋಗ್ತೀರಿ. ನೋಡಬೇಡಿ, ಕೇಳಿ" ಎಂದಳು. ಕೀಬೋರ್ಡಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಗೀರು ಉಬ್ಬಿರುತ್ತದೆ. ಎರಡು ತೋರುಬೆರಳು ಅಲ್ಲಿ ಕುಳಿತರೆ ಮಿಕ್ಕ ಬೆರಳುಗಳಿಗೆ ತಮ್ಮ ಮನೆ ಸಿಗುತ್ತದೆ. ಇನ್ಸರ್ಟ್ ಹಿಡಿದು ಮೇಲಿನ ಸಾಲಿನ ಒಂದನ್ನು ಒತ್ತಿದರೆ ಅಭ್ಯಾಸದ ಸ್ಥಿತಿ ಬರುತ್ತದೆ. ಆಗ ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತದೆಯೇ ಹೊರತು ಏನೂ ಕೆಡುವುದಿಲ್ಲ. ಎರಡು ವಾರ ನಾನು ಅದನ್ನೇ ಒತ್ತಿದೆ. ಆಮೇಲೆ ಒಂದೊಂದಾಗಿ ಕಲಿತೆ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಓದುತ್ತಾ ಹೋಗುತ್ತದೆ, ಕಂಟ್ರೋಲ್ ಒತ್ತಿದರೆ ಬಾಯಿ ಮುಚ್ಚುತ್ತದೆ. ಬಲಬಾಣ ಒಂದೊಂದೇ ಅಕ್ಷರ ಹೇಳುತ್ತದೆ, ಕಂಟ್ರೋಲ್ ಹಿಡಿದು ಬಲಬಾಣ ಒತ್ತಿದರೆ ಒಂದೊಂದೇ ಪದ. ಮೌಸ್ ನಮಗೆ ಬೇಕಿಲ್ಲ. ಆ ದನಿ ಮನುಷ್ಯರದಲ್ಲ, ಡಬ್ಬದೊಳಗಿಂದ ಬಂದಂತಿರುತ್ತದೆ. ಮೊದಲ ವಾರ ತಲೆನೋವು ಬಂದಿತ್ತು. ಕ್ರಮೇಣ ಕಿವಿ ಹೊಂದಿಕೊಂಡು, ಇನ್ನೂ ಬೇಗ ಓದು ಎನ್ನುವಂತಾಯಿತು.

ಮೂರನೆಯ ತಿಂಗಳು ಇ-ಮೇಲ್ ತೆರೆಯಲು ಕಲಿತೆ. ಹಳೆಯವೆಲ್ಲ ಅಲ್ಲೇ ಇದ್ದವು. ನಮ್ಮ ಮನೆಯವರು ಬರೆಯುತ್ತಿದ್ದದ್ದು ಮನೆಮಾತು ಉರ್ದುವನ್ನು, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಯಂತ್ರ ಅದನ್ನು ಇಂಗ್ಲಿಷೆಂದೇ ತಿಳಿದು 'ಮೈಂ' ಎಂಬುದನ್ನು 'ಮೇನ್' ಎನ್ನುತ್ತಿತ್ತು. ಬಲಬಾಣ ಒತ್ತಿ ಒತ್ತಿ, ಎಮ್, ಎ, ಐ, ಎನ್ ಎಂದು ಅಕ್ಷರ ಕೂಡಿಸಿಕೊಂಡು ಓದಿದೆ. 2012ರ ಮಾರ್ಚ್ ತಿಂಗಳ ಒಂದು ಪತ್ರವನ್ನು ಓದಲು ಒಂದು ಮಧ್ಯಾಹ್ನವೇ ಬೇಕಾಯಿತು. ಅದರ ಕೊನೆಯಲ್ಲಿ ಅವರು ಕೇಳಿದ್ದರು: ಕಂಪನಿಯ ಕರಾರು ಮುಗಿಯುತ್ತಿದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಲೇ, ಊರಿಗೆ ಬರಲೇ? ನಿನ್ನ ಕಣ್ಣಿನ ಯೋಚನೆ ನನ್ನನ್ನು ಬಿಡುತ್ತಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಆ ಸಾಲನ್ನು ನನಗೆ ಯಾರೂ ಓದಿ ಹೇಳಿರಲಿಲ್ಲ. ಉತ್ತರ ಬಾರದ್ದನ್ನು ಒಪ್ಪಿಗೆಯೆಂದು ತಿಳಿದು ಅವರು ಸಹಿ ಹಾಕಿದ್ದರು. ಮೈದುನನನ್ನು ಕೇಳಿದೆ. "ಕಣ್ಣಿನ ಮಾತು ಎತ್ತಿದರೆ ನೀವು ಅಳುತ್ತೀರಿ ಅಂತ ಬಿಟ್ಟೆ ಭಾಬಿ" ಎಂದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಪ್ರೀತಿಯಿಂದಲೇ ಬಿಟ್ಟಿದ್ದ. ಆದರೆ ನನ್ನ ಬದುಕಿನ ಎರಡು ವರ್ಷಗಳ ತೀರ್ಮಾನ ನನ್ನನ್ನು ಕೇಳದೆಯೇ ಆಗಿಹೋಗಿತ್ತು. ಅಂದು ರಾತ್ರಿ ನಾನೇ ಕೀಲಿ ಒತ್ತಿ ನಾಲ್ಕು ಸಾಲು ಬರೆದೆ. ಮದುವೆಯಾದ ಮೇಲೆ ನನ್ನ ಗಂಡನಿಗೆ ನಾನೊಬ್ಬಳೇ ಬರೆದ ಮೊದಲ ಪತ್ರ ಅದು. 2014ರಲ್ಲಿ ಆ ಕರಾರು ಮುಗಿದಾಗ ಅವರು ಮತ್ತೆ ಸಹಿ ಹಾಕಲಿಲ್ಲ, ಊರಿಗೆ ಬಂದರು.

ಕನ್ನಡ ಓದಿಸುವುದು ಇನ್ನೊಂದು ಪಾಡಾಗಿತ್ತು. ಡಿ.ಟಿ.ಪಿ. ಅಂಗಡಿಯಿಂದ ತಂದ ಕನ್ನಡ ಫೈಲು ತೆರೆದರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತಿತ್ತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಕಣ್ಣಿಗೆ ರೂಪ ಸಾಕು. ಓದುವ ಯಂತ್ರಕ್ಕೆ ಒಳಗಿನ ಸಂಕೇತವೇ ಬೇಕು. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಾಗೆ ಬರೆದದ್ದನ್ನು ಎನ್‌ವಿಡಿಎ ಕನ್ನಡದಲ್ಲೇ ಓದುತ್ತದೆ. ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕಲಿತೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಈ ಲೇಖನವನ್ನೂ ಹಾಗೆಯೇ ಬರೆದಿದ್ದೇನೆ.

2019ರಲ್ಲಿ ನಾಗಮಂಗಲದ ನಾದಿನಿ ಫೋನ್ ಮಾಡಿದಳು. ಅವಳ ಪಕ್ಕದ ಮನೆಯ ಹುಡುಗಿಗೆ ಕರಿಹಲಗೆ ಕಾಣುವುದಿಲ್ಲವೆಂದು ಎಂಟನೆಯ ತರಗತಿಗೇ ಶಾಲೆ ಬಿಡಿಸಿದ್ದರು. ನಾವಿಬ್ಬರೂ ಪೆನ್ ಡ್ರೈವ್ ಹಿಡಿದು ಪಾಂಡವಪುರ, ಜಕ್ಕನಹಳ್ಳಿ ಮೇಲೆ ಬಸ್ಸಿನಲ್ಲಿ ಹೋದೆವು. ಆ ಮಗುವಿನ ತಾಯಿ, "ಇವಳು ಓದಿ ಏನು ಮಾಡಬೇಕು ಆಪಾ, ನಾವಿದ್ದೀವಲ್ಲ" ಎಂದರು. "ನಾವಿದ್ದೇವೆ ಅಂತ ನಮ್ಮ ಮನೆಯಲ್ಲೂ ಹೇಳುತ್ತಿದ್ದರು" ಎಂದು, 2012ರ ಪತ್ರದ ಕಥೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ ಎಂದು ನಮ್ಮ ಮನೆಯವರು ವಿವರಿಸಿದರು. ಹುಡುಗಿ ಮತ್ತೆ ಶಾಲೆಗೆ ಸೇರಿದಳು. ಬರೆದುಕೊಡುವವರ ಸಹಾಯದಿಂದ ಎಸ್ಸೆಸ್ಸೆಲ್ಸಿ ಪಾಸಾಗಿ, ಈಗ ಪದವಿ ಓದುತ್ತಿದ್ದಾಳೆ.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ ಇಷ್ಟು ಮಾಡಿ. ಇಂದು ಕಂಪ್ಯೂಟರೇ ಬೇಕೆಂದಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ಇರುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಆನ್ ಮಾಡಿದರೆ ಒಮ್ಮೆ ಮುಟ್ಟಿದಾಗ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಲಿಯುವಾಗ ಅವರ ಕೈಯಿಂದ ಫೋನ್ ಕಿತ್ತುಕೊಂಡು ನೀವೇ ಮಾಡಿಕೊಡಬೇಡಿ, ತಡವಾದರೂ ಅವರೇ ಮಾಡಲಿ. ಮದುವೆಯ ಕರೆಯೋಲೆ, ಜಮಾಅತಿನ ಸೂಚನೆಗಳನ್ನು ಬರೀ ಫೋಟೋ ಕಳಿಸದೆ ಕೆಳಗೆ ಎರಡು ಸಾಲು ಬರೆದು ಕಳಿಸಿ.

ಒಂದು ವೇಳೆ ನೀವೇ ಓದಿ ಹೇಳಬೇಕಾಗಿ ಬಂದರೆ, ಕೊನೆಯ ಸಾಲಿನವರೆಗೂ ಓದಿ. ಅಳುವುದೋ, ನಗುವುದೋ, ಅದನ್ನು ಪತ್ರ ಯಾರದೋ ಅವರಿಗೇ ಬಿಡಿ.